ಅಪ್ಪ ಅಮ್ಮನಿಗೆ ಪತ್ರ: ‘ನೀನು’, ‘ನೀವು’ ಬೆರೆಯದಂತೆ ಬರೆಯುವುದು

ಖಾಸಗಿ ಪತ್ರದ ಹೊರ ರೂಪ ಎಲ್ಲರಿಗೂ ಗೊತ್ತು. ಮೇಲೆ ನಡುವೆ ‘ಕ್ಷೇಮ’, ಒಂದು ಬದಿಗೆ ಊರು ಮತ್ತು ದಿನಾಂಕ, ಆಮೇಲೆ ಸಂಬೋಧನೆ, ಒಡಲು, ಮುಕ್ತಾಯ, ಸಹಿ, ಕೆಳಗೆ ಹೊರವಿಳಾಸ. ‘ವಿಷಯ’ ಎಂಬ ಸಾಲು ಇಲ್ಲಿ ಬೇಡ, ಅದು ಕಚೇರಿ ಪತ್ರಕ್ಕೆ. 

ನನಗೆ ನಿಜವಾಗಿ ಕಷ್ಟ ಕೊಟ್ಟದ್ದು ಒಡಲಿನ ಕ್ರಿಯಾಪದಗಳು. ಬಹಳ ಮನೆಗಳಲ್ಲಿ ಅಮ್ಮನಿಗೆ ‘ನೀನು’ ಅನ್ನುತ್ತೇವೆ, ಅಪ್ಪನಿಗೆ ‘ನೀವು’. ಪತ್ರ ಬರೆಯಲು ಕೂತಾಗ ‘ಮಾತೃಶ್ರೀ ಅವರಿಗೆ’ ಎಂದು ಶುರುಮಾಡುತ್ತೇವೆ. ಎರಡನೇ ಸಾಲಿಗೆ ಮನೆಯ ಮಾತು ಬಂದುಬಿಡುತ್ತದೆ: ‘ಅಮ್ಮ, ನೀನು ಹೇಗಿದ್ದೀಯ?’ ನಾಲ್ಕನೇ ಸಾಲಿನಲ್ಲಿ ಮತ್ತೆ ‘ನಿಮ್ಮ ಆರೋಗ್ಯ ನೋಡಿಕೊಳ್ಳಿ’. ಓದುವವರಿಗೆ ಇಬ್ಬರಿಗೆ ಬರೆದ ಹಾಗೆ ಕಾಣುತ್ತದೆ, ಅಲ್ವಾ?

ಎರಡರಲ್ಲಿ ಯಾವುದಾದರೂ ಸರಿ. ‘ನೀನು’ ಅಂದರೆ ಗೌರವ ಕಡಿಮೆ ಅಂತಲ್ಲ, ಅದು ಸಲಿಗೆ. ಆದರೆ ಆರಿಸಿಕೊಂಡದ್ದು ಕೊನೆಯವರೆಗೂ ನಿಲ್ಲಬೇಕು. ‘ನೀನು’ ಆದರೆ ‘ಪ್ರೀತಿಯ ಅಮ್ಮನಿಗೆ’ ಎಂದೇ ಶುರುಮಾಡಿ. ‘ತೀರ್ಥರೂಪು ತಂದೆಯವರಿಗೆ’, ‘ಮಾತೃಶ್ರೀ ಅವರಿಗೆ’ ಎಂದು ಬರೆದರೆ ಆಮೇಲೆ ‘ನೀವು’ ಬಿಟ್ಟು ಬೇರೆ ದಾರಿಯಿಲ್ಲ.

ಪರಿಶೀಲಿಸುವಾಗ ಎಲ್ಲ ಪದವನ್ನೂ ನೋಡಬೇಕಾಗಿಲ್ಲ. ‘ನೀನು ಹೇಳಿದ ಮಾತು’, ‘ನೀವು ಹೇಳಿದ ಮಾತು’: ಇಲ್ಲಿ ‘ಹೇಳಿದ’ ಬದಲಾಗುವುದೇ ಇಲ್ಲ. ‘ಬರೆದು’, ‘ನೋಡಿ ಬಂದು’ ಕೂಡ ಹಾಗೆಯೇ. ‘ಹೇಳಲಿಲ್ಲ’ ಕೂಡ ಇಬ್ಬರಿಗೂ ಒಂದೇ. ಬದಲಾಗುವುದು ವಾಕ್ಯದ ಕೊನೆಯ ಕ್ರಿಯಾಪದ (ಇದ್ದೀಯ, ಇದ್ದೀರಿ), ‘ನಿನ್ನ–ನಿಮ್ಮ’, ‘ನಿನಗೆ–ನಿಮಗೆ’, ಮತ್ತೆ ಕೇಳಿಕೊಳ್ಳುವ ಮಾತು: ಬರೆ–ಬರೆಯಿರಿ, ಚಿಂತೆ ಮಾಡಬೇಡ–ಮಾಡಬೇಡಿ. ಜಾಸ್ತಿ ತಪ್ಪುವುದು ಈ ಕೊನೆಯದರಲ್ಲೇ. ಅಪ್ಪನಿಗೂ ‘ಚಿಂತೆ ಮಾಡಬೇಡ’ ಎಂದು ಬರೆದುಬಿಡುತ್ತೇವೆ.

ಇನ್ನೊಂದು ಸೂಕ್ಷ್ಮ ಇದೆ. ‘ನೀನು’ ಬಳಸುವಾಗ ಭೂತಕಾಲದಲ್ಲಿ ‘ನಾನು ಹೇಳಿದೆ’, ‘ನೀನು ಹೇಳಿದೆ’ ಎರಡಕ್ಕೂ ರೂಪ ಒಂದೇ. ‘ಹೊರಡುವಾಗ ಏನೋ ಹೇಳಿದೆ’ ಎಂದಷ್ಟೇ ಬರೆದರೆ ಹೇಳಿದವರು ಯಾರು? ಎದುರಿಗೆ ಕೂತು ಮಾತಾಡುವಾಗ ಸಂದರ್ಭದಿಂದ ಗೊತ್ತಾಗುತ್ತದೆ, ಕಾಗದದಲ್ಲಿ ಆಗುವುದಿಲ್ಲ. ಹಾಗಾಗಿ ಅಮ್ಮನ ಪತ್ರದಲ್ಲಿ ‘ನೀನು’ ಎಂಬ ಪದವನ್ನೇ ಬಿಡಬೇಡಿ. ‘ನೀವು’ ಆದರೆ ಈ ತೊಂದರೆ ಇಲ್ಲ, ‘ಹೇಳಿದಿರಿ’ ಎಂದೊಡನೆ ಗೊತ್ತಾಗುತ್ತದೆ.

‘ನೀನು’, ‘ನೀವು’ ಬೆರೆಯದಿರಲು ನನಗೆ ತುಂಬಾ ಇಷ್ಟವಾದ ಸುಲಭ ದಾರಿ: ಪತ್ರವನ್ನು ಕೊನೆಯಿಂದ ಶುರುಮಾಡುವುದು. ಮೊದಲು ಪುಟದ ಕೆಳಗೆ ‘ಇಂತಿ ನಿನ್ನ ಪ್ರೀತಿಯ ಮಗಳು’ ಅಥವಾ ‘ಇಂತಿ ನಿಮ್ಮ ಪ್ರೀತಿಯ ಮಗ’ ಎಂದು ಬರೆದುಬಿಡಿ. ಆ ‘ನಿನ್ನ’ ಅಥವಾ ‘ನಿಮ್ಮ’ ಕಣ್ಣಮುಂದೆ ಇದ್ದರೆ ಮೇಲಿನ ಸಾಲುಗಳು ತಪ್ಪುವುದಿಲ್ಲ. ಅಪ್ಪ ಅಮ್ಮ ಇಬ್ಬರಿಗೂ ಸೇರಿ ಬರೆದರೆ ಯೋಚನೆಯೇ ಬೇಡ, ಇಬ್ಬರಾದ್ದರಿಂದ ‘ನೀವು’.

ಪ್ರೀತಿ ಕಾಣಿಸುವುದು ಹೇಗೆ? ‘ನಾನು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ’ ಎಂಬ ಸಾಲು ಇರಲಿ, ಅದು ಹಳೆಯ ಚೆಂದದ ರೂಢಿ. ಆದರೆ ಅದನ್ನು ಯಾರ ಮಗುವಾದರೂ ಬರೆಯಬಹುದು. ‘ನಿನ್ನ ನೆನಪು ತುಂಬಾ ಆಗುತ್ತದೆ’ ಎನ್ನುವುದೂ ಹಾಗೆಯೇ. ಯಾವಾಗ ನೆನಪಾಯಿತು ಎಂದು ಬರೆದರೆ ಮಾತ್ರ ಅದು ನಿಮ್ಮ ಪತ್ರವಾಗುತ್ತದೆ:

‘ಅಮ್ಮ, ಪರೀಕ್ಷೆಯ ಹಿಂದಿನ ರಾತ್ರಿ ನಾನು ಓದಿ ಮುಗಿಸುವ ತನಕ ನೀನೂ ಮಲಗುತ್ತಿರಲಿಲ್ಲ. ಸುಮ್ನೆ ಪಕ್ಕದಲ್ಲಿ ಕೂತಿರುತ್ತಿದ್ದೆ. ಈಗ ಹಾಸ್ಟೆಲಿನಲ್ಲಿ ಲೈಟು ಆರಿಸುವಾಗ ಅದೇ ನೆನಪಾಗುತ್ತದೆ. ನಿನ್ನ ಕಾಲು ನೋವು ಈಗ ಹೇಗಿದೆ? ಅಪ್ಪನನ್ನು ಕೇಳಿದರೆ ಪರವಾಗಿಲ್ಲ ಅನ್ನುತ್ತಾರೆ. ನೀನೇ ಬರೆ.’

ಇಲ್ಲಿ ‘ಪ್ರೀತಿ’ ಎಂಬ ಪದವೇ ಇಲ್ಲ. ‘ಕೂತಿರುತ್ತಿದ್ದೆ’ ಅಮ್ಮನಿಗೇ ಸೇರಿದ್ದು, ಹಿಂದಿನ ವಾಕ್ಯದ ‘ನೀನೂ’ ಅದನ್ನು ಹಿಡಿದುಕೊಂಡಿದೆ. ಅಪ್ಪನಿಗೆ ‘ಅನ್ನುತ್ತಾರೆ’ ಬಂದಿದೆ. ಕೊನೆಯಲ್ಲಿ ಒಂದು ನಿಜವಾದ ಪ್ರಶ್ನೆ ಇರುವುದರಿಂದ ಅಮ್ಮನಿಗೂ ಉತ್ತರ ಬರೆಯಲು ಒಂದು ಕಾರಣ ಸಿಗುತ್ತದೆ.

ಹೊರವಿಳಾಸದಲ್ಲಿ ಹೆಸರಿನ ಮುಂದೆ ಶ್ರೀ ಅಥವಾ ಶ್ರೀಮತಿ ಹಾಕಿ. ಒಳಗೆ ‘ನೀನು’ ಎಂದು ಬರೆದಿದ್ದರೂ ಇಲ್ಲಿ ಗೌರವದ ರೂಪವೇ. ಆರು ಅಂಕಿಯ ಪಿನ್‌ಕೋಡ್ ಮರೆಯಬೇಡಿ.