ಮಿದುಳಿನ ಗಡ್ಡೆಯ ಸುಳಿವು ರಕ್ತಕ್ಕೆ ಯಾಕೆ ಬರುವುದಿಲ್ಲ?

"ಒಂದು ಹನಿ ರಕ್ತ ಸಾಕು, ಯಾವ ಕ್ಯಾನ್ಸರ್ ಇದ್ರೂ ಹೇಳ್ತೀವಿ" ಅನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಸುತ್ತುತ್ತಿರುತ್ತದೆ. ಓದಿದಾಗೆಲ್ಲ ಕೇಳಬೇಕು ಅನ್ನಿಸುತ್ತದೆ: ಮಿದುಳಿನದ್ದೂ ಹೇಳ್ತೀರಾ?

ಕೋಶ ಸತ್ತರೆ ಅದರ ಡಿಎನ್‌ಎ ಚೂರು ರಕ್ತಕ್ಕೆ ಸೇರುತ್ತದೆ. ಗಡ್ಡೆಯ ಕೋಶವಾದರೂ ಅಷ್ಟೇ. 2014ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಂಡ ಇಂಥ ಚೂರುಗಳನ್ನು ಹುಡುಕಿತು. ಕರುಳು, ಅಂಡಾಶಯದ ಬಲಿತ ಕ್ಯಾನ್ಸರ್‌ಗಳಲ್ಲಿ ನಾಲ್ವರಲ್ಲಿ ಮೂವರಿಗಿಂತ ಜಾಸ್ತಿ ಜನರಲ್ಲಿ ಸಿಕ್ಕವು. ಮಿದುಳಿನಲ್ಲೇ ಹುಟ್ಟುವ ಗ್ಲಿಯೋಮಾದಲ್ಲಿ? ನೂರಕ್ಕೆ ಹತ್ತು ಮಂದಿಯಲ್ಲೂ ಇಲ್ಲ.

ಇದರ ಕಾರಣದ ಸುಳಿವು ಹಳೇ ಪ್ರಯೋಗವೊಂದರಲ್ಲಿದೆ. 1885ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿದರು. ಮೈಯೊಳಗೆಲ್ಲ ಬಣ್ಣ ಹತ್ತಿತು, ಮಿದುಳಿಗೆ ಹತ್ತಲಿಲ್ಲ. ಮಿದುಳಿಗೆ ಬಣ್ಣ ಹಿಡಿಯುವ ಗುಣವೇ ಇಲ್ಲ ಅಂದುಕೊಂಡರು ಅವರು. ಅವರ ಶಿಷ್ಯ ಗೋಲ್ಡ್‌ಮನ್ 1913ರಲ್ಲಿ ಬಣ್ಣವನ್ನು ಮಿದುಳಿನ ಸುತ್ತಲಿನ ದ್ರವಕ್ಕೇ ಚುಚ್ಚಿದರು. ಈ ಸಲ ಉಲ್ಟಾ. ಮಿದುಳು ನೀಲಿಯಾಯಿತು, ಉಳಿದ ಮೈ ಹಾಗೇ ಉಳಿಯಿತು. ಗುರುಗಳ ಊಹೆ ಅಲ್ಲಿಗೆ ಬಿದ್ದುಹೋಯಿತು. ನಡುವೆ ಏನೋ ತಡೆ ಇದೆ.

ಆ ತಡೆ ಅಂದರೆ ಮಿದುಳಿನ ಸಣ್ಣ ರಕ್ತನಾಳಗಳೇ. ಅವುಗಳ ಒಳಮೈ ಕೋಶಗಳು ಕೌದಿ ಹೊಲಿದ ಹಾಗೆ ಒತ್ತೊತ್ತಾಗಿ ಕೂಡಿರುತ್ತವೆ. ಗಡ್ಡೆ ಬೆಳೆದ ಕಡೆ ಹೊಲಿಗೆ ಅಲ್ಲಲ್ಲಿ ಬಿಚ್ಚಿರುವುದೂ ಉಂಟು. ಎಂಆರ್‌ಐ ಮಾಡುವಾಗ ಕೈಗೆ ಚುಚ್ಚುವ ಕಾಂಟ್ರಾಸ್ಟ್ ಎಂಬ ದ್ರವ ಗಡ್ಡೆಯಲ್ಲಿ ಬೆಳ್ಳಗೆ ಹೊಳೆಯುವುದು ಅದಕ್ಕೇ. ಆದರೂ ಹೊರಬರುವ ಡಿಎನ್‌ಎ ತೀರಾ ಕಮ್ಮಿ. ಬಂದದ್ದೂ ರಕ್ತದಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ.

ಹಾಗಾದರೆ ಹೊಲಿಗೆಯನ್ನೇ ಸ್ವಲ್ಪ ಸಡಿಲಿಸಿದರೆ? ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಾಂಗ್ ಚೆನ್ ತಂಡ ಮಾಡಿದ್ದು ಅದನ್ನೇ. ರಕ್ತಕ್ಕೆ ಅತಿ ಸಣ್ಣ ಗುಳ್ಳೆಗಳನ್ನು ಬಿಟ್ಟು, ತಲೆಯ ಹೊರಗಿನಿಂದ ಗಡ್ಡೆಗೆ ಗುರಿಯಿಟ್ಟು ಅಲ್ಟ್ರಾಸೌಂಡ್ ಹಾಯಿಸುತ್ತಾರೆ. ಗುಳ್ಳೆಗಳು ಹಿಗ್ಗಿ ಕುಗ್ಗಿ ನಾಳದ ಗೋಡೆಯನ್ನು ಜಗ್ಗುತ್ತವೆ. ಸಂದು ಬಿಡುತ್ತದೆ. ಆಮೇಲೆ ಕೈಯಿಂದ ರಕ್ತ ತೆಗೆಯುವುದು. ಸಂದು ತಾನಾಗೇ ಮುಚ್ಚಿಕೊಳ್ಳುತ್ತದೆ. 2023ರಲ್ಲಿ ಪ್ರಕಟವಾದ ಮೊದಲ ಮಾನವ ಪ್ರಯೋಗದಲ್ಲಿ ಗಡ್ಡೆಯ ಒಂದು ಮ್ಯುಟೇಶನ್ (ಡಿಎನ್‌ಎಯಲ್ಲಾದ ಬದಲಾವಣೆ) ಇರುವ ಚೂರುಗಳು ಗರಿಷ್ಠ 5.6 ಪಟ್ಟು ಏರಿದವು. ರೋಗಿಗಳು ಐದೇ ಮಂದಿ, ಅದನ್ನೂ ಮರೆಯಬಾರದು.

ಡಿಎನ್‌ಎ ಬಿಟ್ಟು ಪ್ರೋಟೀನ್ ನೋಡಬಹುದಲ್ವಾ? ನೋಡುತ್ತಾರೆ. ಜಿಎಫ್‌ಎಪಿ ಎಂಬ ಪ್ರೋಟೀನ್ ರಕ್ತದಲ್ಲಿ ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಗ್ಲಿಯೋಮಾದಲ್ಲಿ ಏರುತ್ತದೆ. ಆದರೆ ತಲೆಗೆ ಪೆಟ್ಟು ಬಿದ್ದರೂ, ಮಿದುಳಲ್ಲಿ ರಕ್ತಸ್ರಾವವಾದರೂ ಏರುತ್ತದೆ. ಮಿದುಳಿಗೆ ಏಟಾಗಿದೆ ಅಂತ ಹೇಳುತ್ತದೆ, ಯಾವುದರಿಂದ ಅಂತ ಹೇಳುವುದಿಲ್ಲ.

ನನಗೆ ಭರವಸೆ ಇರುವುದು ಆರೋಗ್ಯವಂತರ ತಪಾಸಣೆಯಲ್ಲಲ್ಲ, ಚಿಕಿತ್ಸೆ ಆದ ನಂತರದ ದಿನಗಳಲ್ಲಿ. ರೇಡಿಯೇಷನ್ ಮುಗಿದ ಮೇಲೆ ಎಂಆರ್‌ಐಯಲ್ಲಿ ಗಡ್ಡೆ ದೊಡ್ಡದಾದಂತೆ ಕಾಣುವುದುಂಟು. ನಿಜವಾಗಿ ಬೆಳೆದಿದೆಯೋ, ಚಿಕಿತ್ಸೆಯಿಂದ ಬರೀ ಊದಿಕೊಂಡಿದೆಯೋ, ಚಿತ್ರ ನೋಡಿ ಹೇಳುವುದು ಕಷ್ಟ. ಸುಮ್ನೆ ಕಾಯಬೇಕು, ಇಲ್ಲಾ ಮತ್ತೆ ತಲೆಬುರುಡೆ ತೆರೆಯಬೇಕು. ಆ ರೋಗಿಯ ಗಡ್ಡೆಯಲ್ಲಿ ಯಾವ ಮ್ಯುಟೇಶನ್ ಇದೆ ಅಂತ ಮೊದಲ ಆಪರೇಷನ್‌ನಲ್ಲೇ ತಿಳಿದಿದ್ದರೆ, ರಕ್ತದಲ್ಲಿ ಹುಡುಕಬೇಕಾದ್ದು ಅದೊಂದನ್ನೇ.