ಹಾಫ್ ಕ್ಲಚ್‌ನ ಬಿಸಿ

ರಜಾದಿನ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಗಾಡಿಗಳು ಸಾಲುಗಟ್ಟಿದಾಗ ಸ್ವಲ್ಪ ಗಮನಿಸಿ. ಕೆಲವು ಕಾರುಗಳು ಏರಿನಲ್ಲೇ ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ ತೂಗಾಡುತ್ತಿರುತ್ತವೆ. ಓಡಿಸುವವರು ಬ್ರೇಕ್ ಮುಟ್ಟಿರುವುದಿಲ್ಲ, ಹಾಫ್ ಕ್ಲಚ್‌ನಲ್ಲೇ, ಅಂದರೆ ಕ್ಲಚ್ ಪೆಡಲನ್ನು ಅರ್ಧ ಮಾತ್ರ ಒತ್ತಿ, ಕಾರನ್ನು ಹಿಡಿದಿರುತ್ತಾರೆ. ನೋಡುವವರಿಗೆ ಭಾರಿ ಕೈಚಳಕ, ಆದರೆ ಒಳಗೆ ಸವೆಯುವುದು ಕ್ಲಚ್ ಪ್ಲೇಟ್!

ಇಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸ್‌ಗೆ ದಾಟಿಸುವುದು ಈ ಪ್ಲೇಟೇ. ಅದರ ಒಂದು ಕಡೆ ಇಂಜಿನ್ ಜೊತೆ ತಿರುಗುವ ಫ್ಲೈವೀಲ್, ಇನ್ನೊಂದು ಕಡೆ ಸ್ಪ್ರಿಂಗ್ ಬಲದಿಂದ ಒತ್ತುವ ಪ್ರೆಶರ್ ಪ್ಲೇಟ್. ಪೆಡಲ್ ಪೂರ್ತಿ ಬಿಟ್ಟಾಗ ಮೂರೂ ಅಂಟಿಕೊಂಡು ಒಟ್ಟಿಗೆ ತಿರುಗುತ್ತವೆ. ಪೂರ್ತಿ ಒತ್ತಿದಾಗ ಬಿಡಿಸಿಕೊಳ್ಳುತ್ತವೆ. ಎರಡರಲ್ಲೂ ಪ್ಲೇಟ್‌ಗೆ ತೊಂದರೆಯಿಲ್ಲ. ಅದು ಉಜ್ಜಿ ಸವೆಯುವುದು ಇವೆರಡರ ನಡುವೆ ಪೆಡಲ್ ಇದ್ದಾಗ.

ಒಂದು ಲೆಕ್ಕ ಹಾಕೋಣ. 1,100 ಕಿಲೋ ತೂಕದ ಕಾರು, 100 ಮೀಟರಿಗೆ 10 ಮೀಟರ್ ಏರುವ ರಸ್ತೆ, ಫಸ್ಟ್ ಗೇರ್, ಇಂಜಿನ್ ನಿಮಿಷಕ್ಕೆ 1,500 ಸುತ್ತು. ಹೀಗೆ ಹಾಫ್ ಕ್ಲಚ್‌ನಲ್ಲಿ ನಿಂತರೆ ಪ್ಲೇಟ್‌ನಲ್ಲಿ ಹುಟ್ಟುವ ಶಾಖ ಸುಮಾರು 3 ಕಿಲೋವ್ಯಾಟ್. ಮೂರು ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಚ್ಚಿಟ್ಟಷ್ಟು! ಕಾರು ಒಂದಡಿಯೂ ಮುಂದೆ ಹೋಗಿಲ್ಲ, ಹಾಗಾಗಿ ಕ್ಲಚ್‌ಗೆ ಬಂದ ಶಕ್ತಿಯೆಲ್ಲ ಬಿಸಿಯಾಗಲೇಬೇಕು ಅಲ್ವಾ? ಪ್ಲೇಟ್‌ನ ಅಗಲ ನೋಡಿದರೆ ಸುಮಾರು 20 ಸೆಂಟಿಮೀಟರ್. ಸ್ವಲ್ಪ ಹೊತ್ತಿಗೇ ಸುಟ್ಟ ವಾಸನೆ ಬರುತ್ತದೆ. ಏರಿನಲ್ಲಿ ನಿಂತರೆ ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ಗೆ ತಂದು, ಎಡಗಾಲು ಕೆಳಗಿಡಿ. ಪೆಡಲ್ ಮೇಲೆ ಸುಮ್ನೆ ಪಾದ ಇಟ್ಟುಕೊಂಡು ಓಡಿಸುವುದೂ ಬೇಡ.

ಪ್ಲೇಟ್ ಸವೆದರೆ ಮೊದಲು ಗೊತ್ತಾಗುವುದು ಎಳೆತ ಬೇಕಾದಾಗ. ಮಂಡ್ಯದ ಕಡೆ ಕಬ್ಬಿನ ಟ್ರ್ಯಾಕ್ಟರನ್ನು ಹಿಂದೆ ಹಾಕಲು ಫೋರ್ತ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತುತ್ತೀರಿ. ಇಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಇದೇ ಕ್ಲಚ್ ಸ್ಲಿಪ್.

ಆದರೆ ಎಲ್ಲ ದೂರಿಗೂ ಪ್ಲೇಟೇ ಕಾರಣ ಎಂದು ಒಪ್ಪಿಕೊಳ್ಳಬೇಡಿ. ರಿವರ್ಸ್ ಹಾಕುವಾಗ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ. ಕೇಬಲ್ ಸಡಿಲವಾಗಿರಬಹುದು. ಕೇಬಲ್ ಬದಲು ಆಯಿಲ್ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್ ಆದರೆ ಆಯಿಲ್ ಸೋರಿರಬಹುದು, ಒಳಗೆ ಗಾಳಿ ಸೇರಿರಬಹುದು. ಪ್ಲೇಟ್ ಬದಲಿಸಲೆಂದು ಗೇರ್‌ಬಾಕ್ಸ್ ಇಳಿಸುವ ಮೊದಲು ಇವನ್ನೆಲ್ಲ ನೋಡಬೇಕು. ಪೆಡಲ್ ಒತ್ತಿದಾಗ ಮಾತ್ರ ಸದ್ದು ಬಂದರೆ ಪ್ರೆಶರ್ ಪ್ಲೇಟ್‌ನ ಸ್ಪ್ರಿಂಗನ್ನು ಒತ್ತಿ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಮೇಲೆ ಅನುಮಾನ ಪಡಿ. ಬಿಟ್ಟಾಗ ಬಂದು ಒತ್ತಿದಾಗ ನಿಂತರೆ ಗೇರ್‌ಬಾಕ್ಸ್‌ನ ಬೇರಿಂಗ್ ಮೇಲೆ. ಕಾರು ಹೊರಡುವಾಗ ಗಡಗಡ ಅದುರಿದರೆ ಪ್ಲೇಟ್‌ಗೆ ಎಣ್ಣೆ ತಗುಲಿರಬಹುದು, ಇಲ್ಲವೇ ಇಂಜಿನ್ನನ್ನು ಹಿಡಿದಿಡುವ ಮೌಂಟಿಂಗ್ ಹೋಗಿರಬಹುದು.

ಪ್ಲೇಟ್ ಬದಲಿಸಲೇಬೇಕಾಗಿ ಬಂದರೆ ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಎರಡನ್ನೂ ಜೊತೆಗೇ ಹಾಕಿಸಿ. ಸಾಮಾನಿಗಿಂತ ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿಯೇ ನೋಯಿಸುವುದು. ಫ್ಲೈವೀಲ್ ಮೇಲೆ ಸುಟ್ಟ ನೀಲಿ ಕಲೆಗಳಿವೆಯೇ, ಅದರ ಹಿಂದಿನ ಆಯಿಲ್ ಸೀಲ್ ಸೋರುತ್ತಿದೆಯೇ ಎಂದು ಮೆಕ್ಯಾನಿಕ್ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ. ಸೀಲ್ ಸೋರುತ್ತಿದ್ದರೆ ಹೊಸ ಪ್ಲೇಟೂ ಎಣ್ಣೆ ಕುಡಿಯುತ್ತದೆ.