ಆಳ ತಿಳಿಯಲು ಮೊದಲು ವೇಗ ತಿಳಿಯಬೇಕು

ತೈಲ ಕಂಪನಿಗಳಿಗೆ ನೆಲದೊಳಗಿನ ಚಿತ್ರ ತಯಾರಿಸಿ ಕೊಡುವುದು ನನ್ನ ಕೆಲಸ. ಸಿಂಧನೂರಿನ ಕಡೆ ಬಂದಾಗಲೆಲ್ಲ ಒಂದು ಮಾತು ತಪ್ಪುವುದಿಲ್ಲ. "ನಮ್ಮ ಹೊಲದಾಗೂ ಎಣ್ಣೆ ಐತೇನ್ ನೋಡ್ರಿ ಸರ." ಇಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಯ ಎರೆಮಣ್ಣಿನ ಕೆಳಗೆ ಬಹುಪಾಲು ಇರುವುದು ಸುಮಾರು 250 ಕೋಟಿ ವರ್ಷ ಹಳೆಯ ಗಟ್ಟಿಕಲ್ಲು. ಹಟ್ಟಿಯಲ್ಲಿ ಚಿನ್ನ ಸಿಕ್ಕಿತು, ಸಂಡೂರಿನಲ್ಲಿ ಅದಿರು ಸಿಕ್ಕಿತು. ಎಣ್ಣೆಗೆ ಬೇಕಾದದ್ದು ಬೇರೆ. ಸತ್ತ ಜೀವಿಗಳು ಸೇರಿದ ಕೆಸರು ಕಿಲೋಮೀಟರುಗಟ್ಟಲೆ ಆಳದಲ್ಲಿ ಹೂತು ಬೇಯಬೇಕು. ಆಂಧ್ರ ಕರಾವಳಿಯ ಕೃಷ್ಣಾ-ಗೋದಾವರಿ (ಕೆಜಿ) ಬೇಸಿನ್‌ನಲ್ಲಿ ಹಾಗಾಗಿದೆ. ಅಲ್ಲಿ ರಾಶಿ ಬಿದ್ದ ಮಣ್ಣಿನಲ್ಲಿ ಕೃಷ್ಣೆ ನಮ್ಮ ಕಡೆಯಿಂದ ಹೊತ್ತೊಯ್ದದ್ದೂ ಒಂದಿಷ್ಟು ಇದ್ದೀತು!

ನೆಲದೊಳಗಿನ ಚಿತ್ರ ಬೇಕೆಂದರೆ ಮೊದಲು ಕಂಪನ ಎಬ್ಬಿಸಬೇಕು. ಭೂಮಿಯ ಮೇಲಾದರೆ ಡೈನಮೈಟ್ ಇಲ್ಲವೇ ನೆಲ ನಡುಗಿಸುವ ಲಾರಿ, ಸಮುದ್ರದಲ್ಲಾದರೆ ಒತ್ತಿಟ್ಟ ಗಾಳಿಯನ್ನು ನೀರೊಳಗೆ ಒಮ್ಮೆಲೇ ಬಿಡುವ ಏರ್‌ಗನ್. ಕಂಪನ ಕೆಳಗಿಳಿದು, ಕಲ್ಲಿನ ಪದರಕ್ಕೆ ಬಡಿದು ವಾಪಸ್ ಬರುತ್ತದೆ. ನಮಗೆ ಸಿಗುವುದು ಆಳವಲ್ಲ, ಸಮಯ. ಹೋಗಿಬರಲು 2 ಸೆಕೆಂಡ್ ಹಿಡಿಯಿತು ಅನ್ನಿ. ಸರಾಸರಿ ವೇಗ ಸೆಕೆಂಡಿಗೆ 3,000 ಮೀಟರ್ ಇದ್ದರೆ ಪದರ 3,000 ಮೀಟರ್ ಕೆಳಗಿದೆ. ವೇಗದ ಅಂದಾಜು ನೂರಕ್ಕೆ 5ರಷ್ಟು ತಪ್ಪಿದರೂ 150 ಮೀಟರ್ ಆಚೀಚೆ. ಎಣ್ಣೆ ಇರುವ ಮರಳುಗಲ್ಲು ಎಷ್ಟೋ ಸಲ 20 ಮೀಟರೂ ದಪ್ಪ ಇರುವುದಿಲ್ಲ.

ಇದಕ್ಕಿಂತ ದೊಡ್ಡ ತಲೆನೋವು ಇಲ್ಲದ ಗುಡ್ಡ. ತುಂಗಭದ್ರಾ ಕಾಲುವೆಯ ತಿಳಿನೀರಲ್ಲಿ ತಳ ಮೇಲೆ ಬಂದ ಹಾಗೆ ಕಾಣುತ್ತದೆ ಅಲ್ವಾ? ನೆಲದೊಳಗೆ ಹೂತ ಉಪ್ಪಿನ ಗಡ್ಡೆಯ ಕೆಳಗೂ ಹಾಗೇ. ಉಪ್ಪಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 4,500 ಮೀಟರ್ ಓಡುತ್ತದೆ, ಅಕ್ಕಪಕ್ಕದ ಕಲ್ಲಿನಲ್ಲಿ ಹೋದದ್ದಕ್ಕಿಂತ ಬೇಗ ವಾಪಸಾಗುತ್ತದೆ. ಹಾಗಾಗಿ ಅದರಡಿಯ ಸಪಾಟು ಪದರ ಸಮಯದ ಚಿತ್ರದಲ್ಲಿ ಉಬ್ಬಿ ಕಾಣುತ್ತದೆ. ಎಣ್ಣೆ ಮೇಲೇರಿ ಉಬ್ಬಿನಡಿ ನಿಲ್ಲುತ್ತದೆ, ಹಾಗಾಗಿ ಉಬ್ಬು ಕಂಡರೆ ಎಣ್ಣೆಯವರಿಗೆ ಆಸೆ. ಕೊರೆದರೆ ಏನೂ ಇಲ್ಲ.

ಆದ್ದರಿಂದಲೇ ಡೆಪ್ತ್ ಇಮೇಜಿಂಗ್, ಅಂದರೆ ಸಮಯದ ಬದಲು ಆಳದ ಲೆಕ್ಕದಲ್ಲೇ ಚಿತ್ರ ತಯಾರಿಸುವುದು. ಯಾವ ಕಲ್ಲಿನಲ್ಲಿ ಎಷ್ಟು ವೇಗ ಎಂಬ ಮಾಡೆಲ್ ಕಟ್ಟಿ, ದಾಖಲಾದ ಅಲೆಗಳನ್ನು ಕಂಪ್ಯೂಟರಿನಲ್ಲಿ ಅದರೊಳಗೆ ಹಿಂದಕ್ಕೆ ಓಡಿಸುತ್ತೇವೆ. ಕಂಪನ ಎಬ್ಬಿಸಿದ ಕಡೆಗೆ ಹತ್ತಿರವಿರುವ ಉಪಕರಣದ ದಾಖಲೆಯಿಂದ ನೋಡಿದರೂ ದೂರದ್ದರಿಂದ ನೋಡಿದರೂ ಒಂದೇ ಜಾಗಕ್ಕೆ ಒಂದೇ ಆಳ ಬರಬೇಕು, ಆ ಆಳಗಳನ್ನು ಸೇರಿಸಿದ ಪರದೆಯ ಮೇಲಿನ ಗೆರೆ ಸಪಾಟಾಗಿರಬೇಕು. ಗೆರೆಯ ದೂರದ ಕಡೆಯ ತುದಿ ಮೇಲಕ್ಕೆ ಬಾಗಿದರೆ ನಾವು ಕೊಟ್ಟ ವೇಗ ಕಮ್ಮಿ, ಕೆಳಕ್ಕೆ ಬಾಗಿದರೆ ಜಾಸ್ತಿ. ತಿದ್ದಬೇಕು, ಮತ್ತೆ ಓಡಿಸಬೇಕು. ನಮ್ಮ ಬಹುಪಾಲು ದಿನ ಹೋಗುವುದು ಇದರಲ್ಲೇ.

ಗೆರೆ ಸಪಾಟಾದ ಮಾತ್ರಕ್ಕೆ ಆಳ ಸರಿ ಅಂತಲ್ಲ. ಶೇಲ್ ಎಂಬ ಪದರಪದರವಾದ ಕೆಸರುಗಲ್ಲಿನಲ್ಲಿ ಅಲೆ ನೆಟ್ಟಗೆ ಇಳಿಯುವುದಕ್ಕಿಂತ ಅಡ್ಡಡ್ಡ ಜೋರಾಗಿ ಓಡುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಗೆರೆಗಳೆಲ್ಲ ಸಪಾಟು, ಆಳ ಮಾತ್ರ ತಪ್ಪು. ಅದು ಗೊತ್ತಾಗುವುದು ಕೊರೆದ ಬಾವಿಯ ಅಳತೆ ಜೊತೆ ಇಟ್ಟು ನೋಡಿದಾಗಲೇ. ಇಂಥ ಸೇವೆ ಕೊಳ್ಳುವವರು ಬಣ್ಣದ ಚಿತ್ರ ನೋಡಿ ಸುಮ್ನೆ ಮರುಳಾಗಬೇಡಿ. ಬಾವಿವಾರು ಎಷ್ಟು ಮೀಟರ್ ವ್ಯತ್ಯಾಸ ಬಂತು ಅಂತ ಪಟ್ಟಿ ಕೇಳಿ. ಮಾಡೆಲ್ ಕಟ್ಟುವಾಗ ಬಳಸದೆ ಬಿಟ್ಟ ಬಾವಿ ಇದ್ದರೆ ಅದರ ಲೆಕ್ಕವನ್ನೇ ಮೊದಲು ನೋಡಿ.